ತವರಿಗೆ ಬಂದ ಹೆಜ್ಜಾರ್ಲೆಗಳು

ಬಸವಕಲ್ಯಾಣದ ಮಗ್ಗುಲಿಗಿರುವ ನಮ್ಮ ನಾರಾಯಣಪುರಕ್ಕೆ ಕ್ಯಾಮೆರಾ ಹೊತ್ತು ಬರುವವರು ಬಹುಮಟ್ಟಿಗೆ ಚಾಲುಕ್ಯರ ಕಾಲದ ಶಿವಾಲಯವನ್ನು ಕಾಣಲೆಂದು ಬರುವವರು. ನಮ್ಮ ಕಿರಿಯ ಮಗನು ಛಾಯಾಚಿತ್ರದ ಅಕ್ಷರಾಭ್ಯಾಸವನ್ನು ಮಾಡಿದ್ದೂ ಆ ಗುಡಿಯ ಮುಂದೆಯೇ. ಅಲ್ಲಿ ಕೈಕುದುರಿದ ಮೇಲೆ ಹುಮನಾಬಾದ ತಾಲ್ಲೂಕಿನ ಜಲಸಂಗಿಗೆ ಹೋಗಿ, ಆರನೆಯ ವಿಕ್ರಮಾದಿತ್ಯನ ಹೆಸರನ್ನು ಕಲ್ಲಿನಲ್ಲಿ ಬರೆಯುತ್ತ ನಿಂತಿರುವ ಆ ಪ್ರಸಿದ್ಧ ಶಿಲಾಬಾಲಿಕೆಯ ಚಿತ್ರವನ್ನು ಮುಂಜಾವಿನಿಂದ ಮುಸ್ಸಂಜೆಯವರೆಗೆ ಹತ್ತು ಬಗೆಯಲ್ಲಿ ತೆಗೆದನು. ಕಲ್ಲಿನ ಚಿತ್ರ ತೆಗೆಯುವವನಿಗೆ ಒಂದು ಸೌಕರ್ಯವಿದೆ. ಒಂಬತ್ತುನೂರು ವರ್ಷ ಕದಲದೆ ನಿಂತವಳು ಇನ್ನೊಂದು ಗಳಿಗೆ ನಿಲ್ಲುತ್ತಾಳೆ. ಹತ್ತಿರ ಹೋದರೂ ಬೆದರುವುದಿಲ್ಲ. ಈ ಸೌಕರ್ಯವೇ ಮುಂದೆ ನಮ್ಮ ತಪ್ಪಿಗೆ ಕಾರಣವಾಯಿತೆಂದು ಈಗ ಅನಿಸುತ್ತದೆ.

ಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳ ಚಿತ್ರ ತೆಗೆಯಲು ತೊಡಗಿದ ಮೇಲೆ ಹುಡುಗನಿಗೆ ಹಕ್ಕಿಗಳ ಹುಚ್ಚು ಹಿಡಿಯಿತು. "ಅಪ್ಪಾ, ಹೆಜ್ಜಾರ್ಲೆ ನೋಡಬೇಕು. ಮದ್ದೂರು ಕಡಿ ಒಂದು ಊರಾಗ ಮನಿ ಮುಂದಿನ ಹುಣಸಿ ಗಿಡದಾಗೇ ಗೂಡು ಕಟ್ಟತಾವಂತ" ಎಂದು ಪೀಡಿಸತೊಡಗಿದನು. ಹಿರಿಯ ಮಗಳು ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದಿದ್ದ ದಿನಗಳವು. ಅವಳನ್ನು ಬಿಟ್ಟು ಹೊರಡಲು ನಮ್ಮ ಮನೆಯವರಿಗೆ ಮನಸ್ಸಿರಲಿಲ್ಲ. ಇನ್ನೂ ಏಳನೆಯ ತಿಂಗಳು, ನಾನು ನೋಡಿಕೊಳ್ಳುತ್ತೇನೆ ಎಂದು ನಮ್ಮ ತಾಯಿಯವರು ಧೈರ್ಯ ಹೇಳಿದ ಮೇಲೆ, 2020ರ ಜನವರಿಯಲ್ಲಿ, ಸಂಕ್ರಾಂತಿಯ ಮರುವಾರ ನಾವು ಮೂವರೂ ಹೊರಟೆವು. ಕಲಬುರಗಿಯವರೆಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರಾತ್ರಿಯ ರೈಲು, ಮತ್ತೆ ಮೈಸೂರಿನ ಗಾಡಿ ಹಿಡಿದು ಮದ್ದೂರು. ಆ ರಾತ್ರಿ ಮದ್ದೂರಿನಲ್ಲಿ ತಂಗಿ, ಮರುದಿನ ನಸುಕಿನಲ್ಲೇ ಆಟೋರಿಕ್ಷಾ ಮಾಡಿಕೊಂಡು ಕೊಕ್ಕರೆ ಬೆಳ್ಳೂರಿನ ದಾರಿ ಹಿಡಿದೆವು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿದರೆ ಅಲ್ಲಿಂದ ಸುಮಾರು ಹನ್ನೆರಡು ಕಿಲೋಮೀಟರು. ಇಬ್ಬದಿಯಲ್ಲಿ ಕಬ್ಬು, ರಾಗಿಯ ಹೊಲ, ತೆಂಗು, ಹಿಪ್ಪುನೇರಳೆಯ ತೋಟ. ತೊಗರಿ, ಜೋಳ ಕಂಡ ನಮ್ಮ ಕಣ್ಣಿಗೆ ಅದೆಲ್ಲವೂ ಹಸಿರು ಹಬ್ಬ.

ಪಕ್ಷಿಧಾಮವೆಂದರೆ ತಂತಿಬೇಲಿ, ಟಿಕೆಟ್ಟಿನ ಕಿಟಕಿ, ದೋಣಿ, ಕಾವಲುಗಾರ ಎಂದು ನಾವು ಭಾವಿಸಿದ್ದೆವು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಹಾಗಿದೆ. ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರಿನ ಅರಸರು 1940ರಲ್ಲಿ ಅದನ್ನು ಪಕ್ಷಿಧಾಮವಾಗಿಸಿದರು. ಕಾವೇರಿಯ ನಡುಗಡ್ಡೆಗಳೇ ಅಲ್ಲಿ ಹಕ್ಕಿಗಳಿಗೆ ಕೋಟೆ. ಬೆಳ್ಳೂರಿನಲ್ಲಿ ಕೋಟೆಯಿಲ್ಲ. ಆಟೋ ನಿಂತದ್ದು ಊರ ಬೀದಿಯಲ್ಲಿ. ಎಡಕ್ಕೆ ಕೊಟ್ಟಿಗೆ, ಬಲಕ್ಕೆ ನಲ್ಲಿಯ ಮುಂದೆ ಸಾಲಾಗಿ ಕೊಡ. ತಲೆಯೆತ್ತಿ ನೋಡಿದರೆ ಹುಣಸೆಯ ಮರದ ತುಂಬ ಮೊರದಗಲದ ಗೂಡುಗಳು. ಪ್ರತಿ ಗೂಡಿನಲ್ಲಿಯೂ ಒಂದೊಂದು ದೊಡ್ಡ ಹಕ್ಕಿ, ಮುದುಕರು ಜಗಲಿಯ ಮೇಲೆ ಕುಳಿತಂತೆ ಗದ್ದವನ್ನು ಎದೆಗೊತ್ತಿಕೊಂಡು ಕುಳಿತಿದೆ. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳ ಬಿಡಾರ. ಅಷ್ಟು ಹಕ್ಕಿಗಳಿದ್ದರೂ ಗದ್ದಲವಿಲ್ಲದಿರುವುದು ನಮಗೆ ಮೊದಲು ಸೋಜಿಗವೆನಿಸಿತು. ಕೊಕ್ಕರೆಗಳು ಕೊಕ್ಕು ಕಟಕಟಿಸುತ್ತವೆ, ಹೆಜ್ಜಾರ್ಲೆಗಳು ಆಗಾಗ ಗೊರಗುಟ್ಟುತ್ತವೆ. ಅಷ್ಟೇ.

ಹೆಜ್ಜಾರ್ಲೆಯನ್ನು ಕಾಣದ ಓದುಗರಿಗಾಗಿ ನಾಲ್ಕು ಮಾತು. ಬೂದುಬಿಳಿಯ ಮೈ, ರೆಕ್ಕೆ ಬಿಚ್ಚಿದರೆ ಎರಡೂವರೆ ಮೀಟರಿನಷ್ಟು ಅಗಲ, ತೂಕ ನಾಲ್ಕರಿಂದ ಆರು ಕಿಲೋ. ಗೇಣುದ್ದಕ್ಕೂ ಮಿಕ್ಕ ಕೊಕ್ಕು, ಅದರ ಮೇಲ್ದವಡೆಯ ಅಂಚಿನಲ್ಲಿ ಸೂಜಿಯಿಂದ ಚುಚ್ಚಿಟ್ಟಂತೆ ಚುಕ್ಕೆಗಳ ಸಾಲು, ಕೆಳಗೆ ಜೋಲುವ ಚರ್ಮದ ಚೀಲ. ಈ ಚೀಲವು ಮೀನು ಕೂಡಿಡುವ ಜೋಳಿಗೆಯೆಂದು ಹಲವರು ತಿಳಿದಿದ್ದಾರೆ. ಅದು ವಾಸ್ತವವಾಗಿ ಬಲೆ. ಮೀನನ್ನು ನೀರಿನ ಸಮೇತ ಮೊಗೆದು, ನೀರನ್ನು ಹೊರಚೆಲ್ಲಿ, ಮೀನನ್ನು ನುಂಗಿಬಿಡುತ್ತದೆ. ಮರಿಗೆ ಉಣಿಸುವಾಗ ನುಂಗಿದ್ದನ್ನು ಗಂಟಲಿಗೆ ತಂದುಕೊಳ್ಳುತ್ತದೆ. ಮರಿಯು ತಾಯಿಯ ಕೊಕ್ಕಿನೊಳಗೆ ಕತ್ತಿನವರೆಗೂ ತಲೆ ತೂರಿ ಉಣ್ಣುತ್ತದೆ. ಮೂರು ನಾಲ್ಕು ಮೊಟ್ಟೆ, ತಿಂಗಳ ಕಾವು, ಆಮೇಲೆ ಮೂರರಿಂದ ಐದು ತಿಂಗಳ ಪಾಲನೆ. ಗಂಡು ಹೆಣ್ಣುಗಳೆರಡೂ ಸರದಿಯ ಮೇಲೆ ಕಾವು ಕೂಡುತ್ತವೆ.

ಇದರ ಶಾಸ್ತ್ರೀಯ ನಾಮದಲ್ಲಿ ಫಿಲಿಪ್ಪೀನ್ಸ್ ದೇಶದ ಹೆಸರಿದೆ. ವಿಜ್ಞಾನಿಗಳ ಕೈಗೆ ಮೊದಲು ದೊರೆತ ಹಕ್ಕಿ ಆ ದೇಶದ ಮನಿಲಾದ್ದು. ಆದರೆ ಇಂದು ಆ ದೇಶದಲ್ಲಿ ಇದು ಒಂದೂ ಇಲ್ಲ. 1960ರ ದಶಕದ ಹೊತ್ತಿಗೆ ಅಲ್ಲಿ ನಿರ್ವಂಶವಾಯಿತು. ಬರ್ಮಾದ ಸಿತ್ತಾಂಗ್ ನದಿಯ ಬಯಲಿನಲ್ಲಿ ಲೆಕ್ಕವಿಲ್ಲದಷ್ಟು ಹೆಜ್ಜಾರ್ಲೆಗಳು ಗೂಡುಕಟ್ಟಿದ್ದನ್ನು ಓಟ್ಸ್ ಎಂಬ ಆಂಗ್ಲನು 1877ರಲ್ಲಿ ಕಂಡು ಬರೆದಿಟ್ಟಿದ್ದಾನೆ. ಇಪ್ಪತ್ತನೆಯ ಶತಮಾನದ ನಡುವಿನ ವೇಳೆಗೆ ಆ ಮಹಾಸಂತೆಯೂ ಚದುರಿಹೋಗಿತ್ತು. ಹೆಸರು ಕೊಟ್ಟ ನಾಡಿನಲ್ಲಿ ಉಳಿಯದ ಹಕ್ಕಿಯು ಮಂಡ್ಯ ಜಿಲ್ಲೆಯ ಒಂದು ಬೀದಿಯಲ್ಲಿ, ನಲ್ಲಿಯ ಪಕ್ಕದಲ್ಲಿ, ಎಂಜಲು ಪಾತ್ರೆ ಬೆಳಗುವ ಸದ್ದಿನ ನಡುವೆ ಸಂಸಾರ ಮಾಡಿಕೊಂಡಿದೆಯೆಂದರೆ ಅದರ ಹಿಂದೆ ಏನೋ ಇರಲೇಬೇಕಷ್ಟೆ.

ಆ ಏನೋ ಏನೆಂಬುದನ್ನು ನಮಗೆ ತಿಳಿಸಿದವರು ಆ ಹುಣಸೆಮರದ ಒಡತಿ, ಎಪ್ಪತ್ತು ದಾಟಿದ ಒಬ್ಬ ಅಜ್ಜಿ. "ಯಾವೂರಾಯ್ತು ಸ್ವಾಮಿ?" ಎಂದರು. ಬೀದರ ಕಡೆಯವರೆಂದೆವು. "ಅಷ್ಟ್ ದೂರದಿಂದ ಹಕ್ಕಿ ನೋಡಕ್ ಬಂದ್ರಾ!" ಎಂದು ನಕ್ಕು, ನಮ್ಮ ಮನೆಯವರನ್ನು ಜಗಲಿಯ ಮೇಲೆ ಕೂಡಿಸಿಕೊಂಡು ಮಾತಿಗೆ ತೊಡಗಿದರು. ಹಳೆಯ ಬೆಳ್ಳೂರು ಶಿಂಷಾ ನದಿಯ ದಂಡೆಯಲ್ಲಿ ಇದ್ದಿತಂತೆ. ಕಳೆದ ಶತಮಾನದ ಆರಂಭದಲ್ಲಿ ಪ್ಲೇಗು ಬಂದು ಜನರು ಊರು ತೊರೆದು ಇಲ್ಲಿಗೆ ಬಂದರು. ಜನರ ಬೆನ್ನಿಗೆ ಹಕ್ಕಿಗಳೂ ಬಂದವು. ಇದು ಹಿರಿಯರ ಬಾಯಿಂದ ಬಂದ ಕಥೆ. ಜೆರ್ಡಾನ್ ಎಂಬ ವಿದ್ವಾಂಸನು 1864ರಲ್ಲಿ ಮುಗಿದ ತನ್ನ ಪಕ್ಷಿಗ್ರಂಥದಲ್ಲಿ, ದಕ್ಷಿಣದ ಒಂದು ಹಳ್ಳಿಯ ನಡುವಣ ಮರಗಳಲ್ಲಿ ತಲೆತಲಾಂತರದಿಂದ ಹೆಜ್ಜಾರ್ಲೆಗಳು ಗೂಡುಕಟ್ಟುತ್ತಿದ್ದುದನ್ನು ದಾಖಲಿಸಿರುವುದರಿಂದ, ಊರೊಳಗೆ ಈ ಹಕ್ಕಿ ಬಾಳುವುದು ಹೊಸತಲ್ಲ. ನವೆಂಬರ್ ಡಿಸೆಂಬರಿನಲ್ಲಿ ಬರುವುದು, ಮೇ ಜೂನಿನಲ್ಲಿ ಮರಿಗಳೊಡನೆ ಹೊರಡುವುದು. "ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದಂಗೆ ಬತ್ತವೆ. ಬರ್ದೇ ಇದ್ರೆ ಆ ವರ್ಸ ಮಳೆ ಬೆಳೆ ನೆಟ್ಟಗಿರಲ್ಲ" ಎಂದರು ಅಜ್ಜಿ. ನಮ್ಮ ಮನೆಯವರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾವು ಕಂಡೂ ಕಾಣದಂತಿದ್ದೆವು.

ತವರಿನ ಮಾತು ಕೇಳಲು ಇಂಪು. ಆದರೆ ತವರಿನವರಿಗೆ ಖರ್ಚಿದೆ. ಹುಣಸೆಯ ಹಣ್ಣು ಬಿಡಿಸುವ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ. ಗೂಡಿರುವ ಮರವನ್ನು ಬಡಿಯುವಂತಿಲ್ಲ, ಹತ್ತುವಂತಿಲ್ಲ. ಹಿಕ್ಕೆ ಬಿದ್ದು ಎಲೆ ಬಿಳಿಚಿ ಫಸಲೇ ಕೆಡುತ್ತದೆ. ಮರವನ್ನು ಕಡಿದು ಮಾರಿದರೆ ಕೈತುಂಬ ಹಣ ಬರುತ್ತದೆ. ಕಡಿಯದೆ ಉಳಿಸಿದರೆ ಅಂಗಳದಲ್ಲಿ ಬಟ್ಟೆ ಒಣಹಾಕುವುದಕ್ಕೂ ಇಲ್ಲ. ಆ ನಾತದ ವಿಷಯವನ್ನು ನಾವು ಮುಚ್ಚಿಡುವುದಿಲ್ಲ: ಗೂಡಿನಿಂದ ಜಾರಿ ಬಿದ್ದ ಮೀನು ಕೊಳೆತು, ಹಿಕ್ಕೆಯೊಡನೆ ಕೂಡಿ, ಬಿಸಿಲೇರಿದಂತೆ ಮೂಗು ಹಿಡಿಯುವಂತಾಗುತ್ತದೆ. ಇದರೊಳಗಿನ ಲಾಭವೆಂದರೆ ಗೊಬ್ಬರ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಹೂಳು ತಂದು ಹಾಕಿ, ಅದರಲ್ಲಿ ಬಿದ್ದ ಹಿಕ್ಕೆಯನ್ನು ಕಲೆಸಿ ಹೊಲಕ್ಕೆ ಒಯ್ಯುವುದು ಈ ಊರಿನ ಹಳೆಯ ಪದ್ಧತಿ. ಹೊರಜಗತ್ತಿಗೆ ಈ ಊರನ್ನು ಎತ್ತಿ ತೋರಿಸಿದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು. ಬೆಂಗಳೂರಿನ ಬೀದಿಗಳಿಗೆ ಲಕ್ಷಾಂತರ ಸಸಿ ನೆಡಿಸಿದ ಪುಣ್ಯವೂ ಅವರದೇ. ತಾವೂ ಒಳ್ಳೆಯ ಛಾಯಾಗ್ರಾಹಕರಾಗಿದ್ದ ಅವರು 1976ರಲ್ಲಿ ಇಲ್ಲಿ ಸಂರಕ್ಷಣೆಯ ಕೆಲಸಕ್ಕೆ ಕೈಹಚ್ಚಿದರು. ಗೂಡಿರುವ ಮರದ ಒಡೆಯರಿಗೆ ಇಲಾಖೆಯಿಂದ ಪರಿಹಾರ ಕೊಡುವ ಏರ್ಪಾಡೂ ಬೆಳೆದುಬಂತು. ಪರಿಹಾರವು ನಷ್ಟಕ್ಕೆ ಸಮವೇ ಎಂದು ಕೇಳಿದರೆ ಅಜ್ಜಿ ಉತ್ತರವಾಗಿ ಎಲೆಯಡಿಕೆಯ ಚೀಲ ಬಿಚ್ಚಿದರು. 1994ರಿಂದ ಮೈಸೂರಿನ ಪ್ರಕೃತಿಪ್ರಿಯರು ಊರ ಯುವಕರೊಡನೆ ಕೂಡಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಯನ್ನು ತಾಯಿ ಇಳಿದು ಬಂದು ಸಾಕುವುದಿಲ್ಲ, ನಾಯಿಯ ಪಾಲಾಗುತ್ತದೆ. ಅಂಥ ಮರಿಗಳನ್ನು ದೊಡ್ಡಿಯಲ್ಲಿಟ್ಟು ಮೀನು ತಿನ್ನಿಸಿ ರೆಕ್ಕೆ ಬಲಿತ ಮೇಲೆ ಬಿಡುವುದು ಆ ಬಳಗದ ಕೆಲಸ. 2007ರಲ್ಲಿ ಸರ್ಕಾರವು ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಇನ್ನು ಚಿತ್ರದ ಮಾತಿಗೆ ಬರೋಣ.

ಕಾಡಿನಲ್ಲಿ ಹಕ್ಕಿಯ ಚಿತ್ರ ತೆಗೆಯುವವರು ಮರೆಗೂಡು ಕಟ್ಟಿಕೊಂಡು ದಿನಗಟ್ಟಲೆ ಕಾಯುತ್ತಾರೆ. ಬೆಳ್ಳೂರಿನಲ್ಲಿ ಆ ಶ್ರಮವಿಲ್ಲ. ಮನುಷ್ಯರು ಕೆಡುಕು ಮಾಡುವವರಲ್ಲವೆಂಬುದು ಅಲ್ಲಿಯ ಹಕ್ಕಿಗಳಿಗೆ ವಂಶಪಾರಂಪರ್ಯವಾಗಿ ತಿಳಿದಂತಿದೆ. ದೊಡ್ಡ ಮಸೂರವೂ ಬೇಡ, ಇನ್ನೂರು ಮುನ್ನೂರು ಮಿಲಿಮೀಟರಿನದು ಸಾಕು. ತೊಡಕು ಬೆಳಕಿನದು. ಕೆಳಗಿನಿಂದ ಆಕಾಶದತ್ತ ಹಿಡಿದರೆ, ಕ್ಯಾಮೆರಾವು ಆಕಾಶದ ಬೆಳಕನ್ನೇ ಲೆಕ್ಕ ಹಿಡಿದು, ಹಕ್ಕಿಯನ್ನು ಕರಿಯ ನೆರಳಾಗಿಸುತ್ತದೆ. ಆಗ ಬೆಳಕನ್ನು ಒಂದು ಮಟ್ಟ ಏರಿಸಬೇಕು. ಬಿಸಿಲು ನೇರವಾಗಿ ಬಿದ್ದ ಬಿಳಿಯ ಎದೆಯಾದರೆ ಇಳಿಸಬೇಕು, ಇಲ್ಲವಾದರೆ ಗರಿಯ ಗೆರೆಗಳೆಲ್ಲ ಸುಣ್ಣ ಬಳಿದಂತೆ ಅಳಿಸಿಹೋಗುತ್ತವೆ. ಸೂರ್ಯ ಹುಟ್ಟಿದ ಒಂದು ಗಂಟೆಯೊಳಗಿನ ಬೆಳಕು ಶ್ರೇಷ್ಠ. ಆಗ ಹಕ್ಕಿಗಳು ಗೂಡಿನಲ್ಲೇ ಇರುತ್ತವೆ. ನೆಲ ಕಾದು ಬಿಸಿಗಾಳಿ ಮೇಲೇಳತೊಡಗಿದ ಮೇಲೆ, ಒಂಬತ್ತು ಗಂಟೆಯ ಸುಮಾರಿಗೆ, ಒಂದೊಂದಾಗಿ ಮರ ಬಿಟ್ಟು, ರೆಕ್ಕೆ ಬಡಿಯದೆ ಸುತ್ತು ಸುತ್ತಾಗಿ ಏರಿ, ತೈಲೂರು ಕೆರೆ ಮೊದಲಾದ ಕಡೆಗಳಿಗೆ ಮೀನಿಗೆ ಹೊರಡುತ್ತವೆ. ಹಾರುವ ಹಕ್ಕಿಯನ್ನು ಹಿಡಿಯಲು ಸೆಕೆಂಡಿನ ಸಾವಿರದ ಒಂದು ಪಾಲು ವೇಗ ಬೇಕು. ಆದರೆ ಇಷ್ಟು ಭಾರದ ಹಕ್ಕಿ ಇಳಿಯುವಾಗ ಕಾಲು ಮುಂದೆ ಚಾಚಿ, ಕೊಂಬೆಯನ್ನು ಮೊದಲೇ ಗೊತ್ತುಮಾಡಿಕೊಂಡು ಬರುವುದರಿಂದ, ಕಾದು ನಿಂತವನಿಗೆ ಅದು ದಕ್ಕುತ್ತದೆ. ನಮ್ಮ ಮಗನಿಗೂ ದಕ್ಕಿತು. ಮರದ ಬುಡಕ್ಕೆ ಹೋಗಬೇಡವೆಂದು ಅಜ್ಜಿ ಹೇಳಿದ್ದನ್ನು ಕೇಳದೆ ಹೋಗಿ, ಅಂಗಿಯ ಮೇಲೂ ಮಸೂರದ ಮೇಲೂ ಹೆಜ್ಜಾರ್ಲೆಯ ಪ್ರಸಾದ ಪಡೆದದ್ದೂ ಆಯಿತು. ಬೀದಿಯ ಮಕ್ಕಳೆಲ್ಲ ಚಪ್ಪಾಳೆ ತಟ್ಟಿ ನಕ್ಕರು. ಅಜ್ಜಿ ಒಂದು ತಂಬಿಗೆ ನೀರೂ ಹಳೆಯ ಪಂಚೆಯ ತುಂಡೂ ತಂದುಕೊಟ್ಟರು.

ಅಷ್ಟಕ್ಕೆ ತೃಪ್ತರಾಗಬೇಕಿತ್ತು. ಆಗಲಿಲ್ಲ.

ಅಜ್ಜಿಯ ಮನೆಯ ಹಿತ್ತಿಲಲ್ಲಿ ಇನ್ನೊಂದು ಮರ, ಅದರ ಕೆಳಗೊಂಬೆಯ ಗೂಡು ಹೆಂಚಿನ ಮಾಡಿಗೆ ಸರಿಸಮವಾಗಿತ್ತು. ಅದರಲ್ಲೊಂದು ಹೆಜ್ಜಾರ್ಲೆ ಕಾವು ಕುಳಿತಿತ್ತು. ಕೆಳಗಿನಿಂದ ಬರಿಯ ಕೊಕ್ಕು ಕಾಣುತ್ತದೆ. ಮಾಡಿನ ಮೇಲಿಂದ ನೋಡಿದರೆ ಕಣ್ಣಿಗೆ ಕಣ್ಣು, ಮೊಟ್ಟೆಯ ಸಮೇತ ಸಿಗುತ್ತದೆ. ಗೋಡೆಗೆ ಏಣಿ ಒರಗಿತ್ತು. ಹುಡುಗ ನಮ್ಮ ಮುಖ ನೋಡಿದ. ಬೇಡವೆನ್ನುವುದು ನಮ್ಮ ಕೆಲಸವಾಗಿತ್ತು. ಏಳುನೂರು ಕಿಲೋಮೀಟರಿನ ಆಸುಪಾಸು ಬಂದಿದ್ದೇವೆ, ಇನ್ನೊಮ್ಮೆ ಬರುವುದು ಯಾವಾಗಲೋ ಎಂಬ ಲೆಕ್ಕ ಮನಸ್ಸಿನಲ್ಲಿ ಓಡಿತು; ಬೇಡವೆನ್ನುವ ಬದಲು ನಾವೇ ಏಣಿಯನ್ನು ಹಿಡಿದುಕೊಂಡೆವು.

ಅವನು ಮಾಡಿನ ಅಂಚಿಗೆ ತಲೆಯೆತ್ತುವವರೆಗೂ ಹಕ್ಕಿ ಅಲುಗಲಿಲ್ಲ. ಕ್ಯಾಮೆರಾವನ್ನು ಮುಖಕ್ಕೆ ಹಿಡಿಯುತ್ತಲೂ ಎದ್ದು ನಿಂತಿತು. ಒಂದು ಹೆಂಚು ಜರುಗಿ ಸದ್ದಾಯಿತು, ಹಕ್ಕಿ ಹಾರಿಹೋಯಿತು. ಗೂಡಿನಲ್ಲಿ ಮಾಸಲು ಬಿಳಿಯ ಮೂರು ಮೊಟ್ಟೆಗಳು. ನಾವು ಉಸಿರು ಬಿಡುವುದರೊಳಗೆ ಮೇಲಿನ ಕೊಂಬೆಯಿಂದ ಒಂದು ಕಾಗೆ ಇಳಿಯಿತು. ಅದು ಅಲ್ಲಿ ಬೆಳಗಿನಿಂದಲೂ ಕುಳಿತಿದ್ದಿರಬೇಕು. ಅದರ ಕಸುಬೇ ಅದು. ಒಂದು ಮೊಟ್ಟೆಯನ್ನು ಕುಕ್ಕಿತು.

ಅಜ್ಜಿ ಒಳಗಿನಿಂದ ಕೋಲು ಹಿಡಿದು ಓಡಿಬಂದು ಕಾಗೆಯನ್ನು ಕೂಗಿ ಓಡಿಸಿದರು. ಆಮೇಲೆ ನಮ್ಮತ್ತ ತಿರುಗಿದರು. "ಇಳಿಯಪ್ಪ ಮೊದ್ಲು" ಎಂದು ಹುಡುಗನಿಗೆ ಹೇಳಿ, ದನಿಯೇರಿಸದೆಯೇ ನಮಗೆಂದರು: "ಬಾಣಂತಿ ಕ್ವಾಣೆಗೆ ಯಾರಾದ್ರೂ ಹಿಂಗ್ ಇಣುಕ್ತಾರಾ ಸ್ವಾಮಿ?"

ಉತ್ತರ ಹೇಳುವ ಮಾತಾಗಿರಲಿಲ್ಲ ಅದು. ನಮ್ಮ ಮನೆಯವರು ಎದ್ದು ಬಂದು ಅಜ್ಜಿಯ ಕೈ ಹಿಡಿದುಕೊಂಡು, "ತಪ್ಪಾತ್ರಿ ಅವ್ವಾ" ಎಂದರು. ನಾವೆಲ್ಲ ಹಿತ್ತಿಲು ಬಿಟ್ಟು ಜಗಲಿಗೆ ಬಂದು ಕುಳಿತೆವು. ಹತ್ತು ನಿಮಿಷವೋ ಕಾಲು ಗಂಟೆಯೋ. ನಮಗೆ ಇಡೀ ಹಗಲಿನಷ್ಟಾಯಿತು. ಅಜ್ಜಿ ಹಿತ್ತಿಲ ಬಾಗಿಲಲ್ಲೇ ಕೋಲು ಊರಿ ನಿಂತಿದ್ದರು. ಕೊನೆಗೆ ಒಳಬಂದು, "ಕೂತ್ಕತು" ಎಂದರು.

ಆಮೇಲೆ ಮಾತು ನಿಧಾನವಾಗಿ ಬೇರೆಡೆಗೆ ಹೊರಳಿತು. 2017ರ ಡಿಸೆಂಬರಿನಿಂದ ಆಚೆಗೆ ಕೆಲವು ತಿಂಗಳು ಈ ಊರಿನಲ್ಲಿ ಹೆಜ್ಜಾರ್ಲೆಗಳು ಮರದಿಂದ ಕಳಚಿ ಬಿದ್ದು ಸಾಯುತ್ತಿದ್ದವು. ಹತ್ತಾರು ಹಕ್ಕಿಗಳು ಹೋದವು. ಪರೀಕ್ಷಿಸಿದ ವೈದ್ಯರು ಹೊಟ್ಟೆಯಲ್ಲಿ ದುಂಡುಹುಳುಗಳ ರಾಶಿಯನ್ನು ಕಂಡರು. ತಿಂದ ಮೀನಿನ ಮೂಲಕ ಒಳಸೇರುವ ಹುಳುಗಳವು. ಊರಿನವರು ಎಷ್ಟೇ ಕಾಪಾಡಿದರೂ ಊರಲ್ಲಿರುವುದು ಗೂಡು ಮಾತ್ರ, ಅನ್ನ ಇರುವುದು ಮೈಲಿಗಟ್ಟಲೆ ಆಚೆಯ ಕೆರೆಗಳಲ್ಲಿ. ಆ ಕೆರೆಗಳ ನೀರು ಕೆಟ್ಟರೆ ಬೆಳ್ಳೂರಿನ ಅಜ್ಜಿ ಕೋಲು ಹಿಡಿದು ಏನು ಮಾಡಬಲ್ಲರು? "ಮುಂದಿನ್ ವರ್ಸ ಬತ್ತವೋ ಇಲ್ವೋ ಅಂತ ಕಾಯ್ಕಂಡ್ ಕೂತಿದ್ವಿ. ಮೊದ್ಲು ಒಂದು ಬಂದು ಮರದ ಮ್ಯಾಲ್ ಸುತ್ತು ಹಾಕಿ ಹೋಯ್ತು. ಆಮ್ಯಾಕೆ ಎಲ್ಲಾ ಬಂದೋ" ಎಂದು ಹೇಳುವಾಗ ಅವರ ಮುಖ ಬೆಳಗಿತು. ನಮ್ಮ ತಪ್ಪನ್ನು ಅವರು ಆಗಲೇ ಮರೆತಿದ್ದರೋ, ಮರೆತಂತೆ ತೋರಿದರೋ ತಿಳಿಯಲಿಲ್ಲ. ರಾಗಿಮುದ್ದೆ, ಅವರೆಕಾಳಿನ ಸಾರು ಉಂಡೇ ಹೋಗಬೇಕೆಂದು ಹಟ ಹಿಡಿದರು. ಮುದ್ದೆಯನ್ನು ಅಗಿಯದೆ ನುಂಗುವ ವಿದ್ಯೆ ರೊಟ್ಟಿಯ ನಾಡಿನವರಾದ ನಮಗೆ ಬಾರದು, ಅಜ್ಜಿಯೇ ಕಲಿಸಿದರು. ಹೊರಡುವಾಗ ನಮ್ಮ ಮನೆಯವರು ಚೀಲದಲ್ಲಿದ್ದ ಶೇಂಗಾ ಹಿಂಡಿಯ ಡಬ್ಬಿಯನ್ನು ಅವರ ಕೈಗಿತ್ತು, ನಮ್ಮ ಫೋನಿನ ನಂಬರನ್ನು ಅವರ ಮೊಮ್ಮಗನಿಗೆ ಬರೆದುಕೊಟ್ಟರು.

ಸಂಜೆಯ ಗಾಡಿಯಲ್ಲಿ ಹುಡುಗ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಚಿತ್ರಗಳನ್ನು ನೋಡುತ್ತ ಬಂದನು. ಇಳಿಯುವ ಹಕ್ಕಿ, ಏರುವ ಹಕ್ಕಿ, ತಾಯಿಯ ಕೊಕ್ಕಿನೊಳಗೆ ಕತ್ತು ತೂರಿದ ಮರಿ. ಎಲ್ಲವೂ ಚೆನ್ನಾಗಿ ಬಂದಿದ್ದವು. ಮಾಡಿನ ಮೇಲಿನ ಚಿತ್ರವೂ ಬಂದಿತ್ತು, ಎಲ್ಲಕ್ಕಿಂತ ಚೆನ್ನಾಗಿ. ಎದ್ದು ನಿಂತ ಹೆಜ್ಜಾರ್ಲೆಯ ಹಳದಿ ಕಣ್ಣು, ಕೊಕ್ಕಿನ ಒಂದೊಂದು ಚುಕ್ಕೆ, ಕಾಲಿನ ನಡುವೆ ಮೂರು ಮೊಟ್ಟೆ. ಮೇಲಿನ ಮೂಲೆಯಲ್ಲಿ ಏನೋ ಕರಿಯ ಕಲೆ. ಅದು ಕಾಗೆಯ ರೆಕ್ಕೆಯೆಂದು ನಮಗೆ ಗೊತ್ತು, ನೋಡುವವರಿಗೆ ಗೊತ್ತಾಗದು. "ಅಳಸಲಾ ಅಪ್ಪಾ?" ಎಂದನು. ಇರಲಿ ಎಂದೆವು. ಆ ಚಿತ್ರವನ್ನು ಮನೆಗೆ ಬಂದವರಾರಿಗೂ ನಾವು ತೋರಿಸಿಲ್ಲ.

ಮಾರ್ಚ್ ತಿಂಗಳಲ್ಲಿ ಮಗಳು ಹೆಣ್ಣು ಕೂಸನ್ನು ಹೆತ್ತಳು. ಅದಾಗಿ ಕೆಲವು ದಿನಗಳಲ್ಲೇ ಕೊರೋನಾದ ದೆಸೆಯಿಂದ ದೇಶವೆಲ್ಲ ಬಾಗಿಲು ಹಾಕಿತು. ಅಳಿಯಂದಿರಿಗೂ ಕೂಸನ್ನು ನೋಡಲು ಬರುವಂತಿರಲಿಲ್ಲ. ಜೂನ್ ಮೊದಲ ವಾರದಲ್ಲಿ ಒಂದು ದಿನ ಬೆಳ್ಳೂರಿನಿಂದ ಫೋನು ಬಂದಿತು. ಮೊಮ್ಮಗನು ಮಾತಾಡಿ ಅಜ್ಜಿಗೆ ಕೊಟ್ಟನು. ಮೊದಲು ಬಾಣಂತಿಯ ಕ್ಷೇಮ ಕೇಳಿದರು, ಕೂಸಿನ ಬಣ್ಣ ಕೇಳಿದರು, ಹೆಸರು ಕೇಳಿದರು. ಬಳಿಕ, ನಾವು ಕೇಳಲು ಹಿಂಜರಿಯುತ್ತಿದ್ದುದನ್ನು ತಾವಾಗಿಯೇ ಹೇಳಿದರು. ಹಿತ್ತಿಲ ಗೂಡಿನಲ್ಲಿ ಎರಡು ಮರಿ ಎದ್ದಿದ್ದವು, ಮೊನ್ನೆ ಹಾರಿಹೋದವು.

"ಈ ಸಲ ಕ್ಯಾಮೆರಾದೋರು ಯಾರೂ ಬರ್ಲಿಲ್ಲ ಕಣವ್ವ" ಎಂದು ನಮ್ಮ ಮನೆಯವರಿಗೆ ಹೇಳಿ ಅಜ್ಜಿ ನಕ್ಕರು. "ಬರೀ ಹಕ್ಕಿಗಳೇ."